ಮಾಣಿಕಮ್ಮನ ಮುಖ

"ಅವ್ವಾ, ಈಕಿ ನಿಮ್ಮ ಸವತಿ ಅಲ್ರಿ. ಫ್ರಾನ್ಸ್ ದೇಶದಾಕಿ," ಎಂದು ಜಹೀರಾಬಾದಿನ ಅಕ್ಕಸಾಲಿ ಆತ್ಮಾರಾಮ ಹೆಣ್ಣಿನ ಮುಖವಿದ್ದ ಬಿಲ್ಲೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಾಗ ಗುಂಡಮ್ಮನಿಗೆ ಬಂದ ಸಿಟ್ಟನ್ನು ತೂಗುವ ತಕ್ಕಡಿ ಆ ಬಜಾರದಲ್ಲೇ ಇರಲಿಲ್ಲ. ಆಕೆ ಉಸಿರೆಳೆದುಕೊಂಡ ರಭಸಕ್ಕೆ ಕುಲುಮೆ ಆರಿಹೋಯಿತು. ಪಕ್ಕದಲ್ಲಿದ್ದ ಗಂಡ ಭೀಮಶಾ, ರಾಯಿಕೋಡಿನ ಕುರಿಗಾರ, ತೋಳ ಮೈಮೇಲೆ ಬಂದರೂ ಕದಲದವನು, ಗೋಡೆಗೆ ಅಂಟಿಕೊಂಡ.

ಬಂದಿದ್ದು ಸಣ್ಣ ಕೆಲಸಕ್ಕೆ. ಗುಂಡಮ್ಮನ ಕೊರಳ ಬಿಲ್ಲೆಯ ಕೊಂಡಿ ಸವೆದಿತ್ತು. ಅವರ ಮಂದಿಯಲ್ಲಿ ಎರಡನೇ ಸಂಬಂಧಕ್ಕೆ ಬಂದವಳು ಸತ್ತ ಮೊದಲ ಹೆಂಡತಿಯ ಮುಖವಿರುವ ಟಾಕನ್ನು, ಅಂದರೆ ಇಂಥದೊಂದು ಬಿಲ್ಲೆಯನ್ನು, ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ. ಹೊಸ ಸೀರೆ ಉಡುವ ಮೊದಲು ಅದಕ್ಕೆ ತೋರಿಸಬೇಕು, ಮೊದಲ ತುತ್ತು ಅದಕ್ಕೆ ಎತ್ತಿಡಬೇಕು. ಸವತಿ ಮಾಣಿಕಮ್ಮನ ಹೆಸರಿನಲ್ಲಿ ಗುಂಡಮ್ಮ ಎತ್ತಿಟ್ಟ ತುತ್ತುಗಳನ್ನು ಕೂಡಿಹಾಕಿದ್ದರೆ ನಾರಾಯಣಖೇಡದ ಪಕ್ಕ ಇನ್ನೊಂದು ಗುಡ್ಡ ಏಳುತ್ತಿತ್ತು. ಸುಳ್ಳೆನ್ನುವವರು ರಾಯಿಕೋಡಿನ ಕಾಗೆಗಳನ್ನು ಕೇಳಲಿ, ಹಾರಲಾರದಷ್ಟು ಕೊಬ್ಬಿವೆ.

ಆತ್ಮಾರಾಮ ಹಳೇ ನಾಣ್ಯದ ವ್ಯಾಪಾರವನ್ನೂ ಮಾಡುವವನು. ಹುಣಸೆಹುಳಿ ಹಾಕಿ ಉಜ್ಜಿದಾಗ ಕುಂಕುಮದಡಿಯಿಂದ ಪರದೇಶಿ ಅಕ್ಷರ ಎದ್ದವು. ಅವುಗಳ ಮೇಲೆ ಫೋನು ಹಿಡಿದ, ಫೋನೇ ಓದಿ ಅರ್ಥ ಹೇಳಿತು. "ಪ್ಯಾರಿಸ್ ಶಹರದಾಗ ಸಾವಿರದ ಒಂಬೈನೂರನೇ ಇಸ್ವಿಗಿ ದೊಡ್ಡ ನುಮಾಯಿಶ್, ಸಾಮಾನಿನ ಜಾತ್ರಿ, ಆಗಿತ್ತರಿ, ನಮ್ಮ ಹೈದ್ರಾಬಾದಿನಾಗ ಆಗ್ತದಲ್ಲ, ಹಂಗ. ಅದರ ನೆನಪಿಗಿ ಹೊಡದ ಬಿಲ್ಲಿ. ಈ ಹೆಣ್ಣು ಅವರ ರಾಜ್ಯದ ಗುರ್ತು ಅಷ್ಟೇ. ಹಿಂಗಂತ ಯಾರೂ ಹುಟ್ಟಿಲ್ಲ, ಸತ್ತಿಲ್ಲ."

"ಹುಟ್ಟೇ ಇಲ್ಲದಾಕಿಗಿ ನಾ ಅಂಜಿ ಅಂಜಿ ಸತ್ತೀನಿ!" ಗುಂಡಮ್ಮ ಗಂಡನತ್ತ ತಿರುಗಿದಳು. "ಏ ಹಿರಿಯಾ, ಎಲ್ಲಿಂದ ತಂದಿದ್ದಿ ಇದನ್ನ? ಬೊಗಳು."

"ಅಪ್ಪನ ಸಂದೂಕದಾಗ ಹಳೀ ಬಿಲ್ಲಿ, ರೊಕ್ಕ ಭಾಳ ಇದ್ದವು," ಭೀಮಶಾ ಗಡ್ಡ ಕೆರೆದ. "ಕುರಿ ತುಪ್ಪಟ ಕತ್ತರಸೋ ಹಂಗಾಮ ಇತ್ತು. ಅಕ್ಕಸಾಲ್ಯಾನ ಕಡಿ ಯಾರ್ ಅಲಿಬೇಕು ಅಂತ... ಇದರಾಗ ಹೆಣ್ಣಿನ ಮಾರಿ ಇತ್ತು. ಹೆಣ್ಣು ಹೆಣ್ಣೇ ಅಲ್ಲೇನು?"

ಆಗ ಎದ್ದ ಗುಂಡಮ್ಮನ ದನಿಗೆ ತಾಂಡೂರಿನ ಖಣಿಯಲ್ಲಿ ಹಾಸುಗಲ್ಲುಗಳು ತಾವಾಗಿಯೇ ಸೀಳಿಹೋದವು, ಕೊಹೀರ್ ದಾಟಿದ್ದ ಬಸ್ಸು ತಿರುಗಿ ಬಂತು. "ನನ್ನ ಕೂಸು ಹೊಟ್ಯಾಗೇ ಹೋದಾಗ ನಿಮ್ಮವ್ವ ಏನಂದ್ಳು? ಮಾಣಿಕಮ್ಮ ಸಿಟ್ಟಾಗ್ಯಾಳ, ತಪ್ಪಾತು ಅಂತ ಮೂಗು ತಿಕ್ಕು ಅಂದ್ಳು. ತಿಕ್ಕಿದೆ. ನೀ ಬಾಜೂಕೇ ನಿಂತಿದ್ದಿ. ಬಾಯಿ ಬಿಟ್ಟಿಯೇನು?"

ಭೀಮಶಾ ಸೊಂಟದ ರೊಕ್ಕದ ಚೀಲಕ್ಕೆ ಕೈ ಹಾಕಿದ. "ಆತು ಬಿಡು. ಬೆಳ್ಳೀದು ಮಾಡಸ್ತೀನಿ. ಭಾರೀದು."

"ಮಾಡಸು. ಈಗಿಂದೀಗ. ನಂಗೂ ಮೋಸ, ಸತ್ತಾಕಿಗೂ ಮೋಸ. ನಾ ಇಟ್ಟ ಒಂದ್ ತುತ್ತೂ ಆಕಿಗಿ ಮುಟ್ಟಿಲ್ಲ."

ಆತ್ಮಾರಾಮ ಬೆಳ್ಳಿ ತಗಡು, ಉಳಿ ತೆಗೆದ. "ಹೇಳ್ರಿ ಯಜಮಾನ್ರೇ, ಮಾಣಿಕಮ್ಮನ ಮಾರಿ ಹೆಂಗಿತ್ತು?"

ಕತ್ತಲಲ್ಲಿ ಕಿವಿ ಮುಟ್ಟಿ ಇದು ಯಾವ ಕುರಿ, ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂದು ಹೇಳುವ ಮನುಷ್ಯ ಗಾಳಿಯಲ್ಲಿ ಬೆರಳಾಡಿಸಿ ಒಂದು ಮುಖ ಬರೆದ, ಅಳಿಸಿದ. "ದುಂಡಕ... ಅಲ್ಲ, ಉದ್ದ..."

"ಮೂಗು?"

"ಇತ್ತು."

"ಮೂಗುತಿ ಎಡಕೋ, ಬಲಕೋ?"

ಭೀಮಶಾ ಮೆಲ್ಲಗೆ ಗುಂಡಮ್ಮನ ಮೂಗಿನ ಕಡೆ ಕಣ್ಣು ಹಾಯಿಸಿದ. ಆಕೆ ಸರಕ್ಕನೆ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ಇವನಿಗಿ ಕೇಳಬ್ಯಾಡ್ರಿ," ಸೆರಗಿನೊಳಗಿಂದಲೇ ಅಕ್ಕಸಾಲಿಗೆ ಹೇಳಿದಳು. "ಬೆನ್ನು ಕೆತ್ರಿ, ಜಡಿ ಕೆತ್ರಿ. ಇವನ ಕಡಿ ಹೊಳ್ಳಿ ನೋಡದಂಗ ಹೊಂಟಾಳ, ಹಂಗ ಕೆತ್ರಿ."