ಈ ಮಣ್ಣಿನವನು

ಹದಿನೆಂಟು ತುಂಬಿದ ಹುಡುಗರೆಲ್ಲ ಸೈನ್ಯದ ಪಟ್ಟಿಗೆ ಹೆಸರು ಕೊಡಲೇಬೇಕೆಂಬುದು ಆ ದೇಶದ ಕಾನೂನು. ವಲಸೆ ಬಂದವಳ ಮಗನ ಹೆಸರನ್ನು ಅಧಿಕಾರಿ ಒಂದೇ ನಿಮಿಷದಲ್ಲಿ ಬರೆದುಕೊಂಡ. ದಾಖಲೆ ಕೇಳಲೇ ಇಲ್ಲ. ಅವಳು ಮಗನ ಪೌರತ್ವದ ಅರ್ಜಿ ಮುಂದಿಟ್ಟಾಗ ಮಾತ್ರ ಕನ್ನಡಕ ಸರಿಮಾಡಿಕೊಂಡ.

"ನಿನ್ನ ಮಗ ಈ ಮಣ್ಣಿನವನು ಅನ್ನೋದಕ್ಕೆ ಏನಮ್ಮ ಸಾಕ್ಷಿ?"

"ಇಲ್ಲೇ ಹುಟ್ಟಿದ್ದು ಸ್ವಾಮಿ."

"ಹುಟ್ಟಿಬಿಟ್ರೆ ಆಯ್ತಾ? ಮೊದಲು ಯುದ್ಧ ಮಾಡಿ ಬರ್ಲಿ, ನೋಡೋಣ."

ಎರಡು ವರ್ಷದ ಮೇಲೆ ಅದೇ ಅಧಿಕಾರಿ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಪೌರತ್ವದ ಪತ್ರ, ಹಿಂದೆ ಫೋಟೋಗ್ರಾಫರ್.

"ಮಗ ಎಲ್ಲಿದ್ದಾನಮ್ಮಾ? ಕರೀರಿ, ಫೋಟೋ ತೆಗೀಬೇಕು. ನಿಮ್ಮ ಮಗ ಈ ಮಣ್ಣಿನವನೇ ಅಂತ ಸರ್ಕಾರ ಒಪ್ಕೊಂಡಿದೆ!"

"ಗೊತ್ತು ಸ್ವಾಮಿ. ಮೊನ್ನೆ ತಾನೇ ಮಣ್ಣು ಮಾಡಿ ಬಂದ್ವಿ."