ಏಳನೇ ಹಂತದ ಚಪ್ಪಾಳೆ

ಊಟ ಬಲ್ಲವನಿಗೆ ರೋಗವಿಲ್ಲ, ಕೈಪಿಡಿ ಬರೆದವನಿಗೆ ಕೈ ಹಿಡಿಯುವವರಿಲ್ಲ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

"ಸಾರ್, ನಿಮ್ಮ ಕೈಪಿಡಿಯ ಏಳನೇ ಹಂತದಲ್ಲಿ ಬರೆದ ಹಾಗೇ ಎದ್ದು ನಿಂತು ಮೂರು ಸಲ ಚಪ್ಪಾಳೆ ತಟ್ಟಿದೆ. ಆದ್ರೂ ಇನ್‌ಸ್ಟಾಲ್ ಆಗ್ತಿಲ್ಲ," ಎಂದಳು ಫೋನಿನಲ್ಲಿ ಯಾವುದೋ ಲೈಬ್ರರಿಯಾಕೆ.

ಪ್ರೋಗ್ರಾಮರ್ ನಾಲಿಗೆ ಕಚ್ಚಿಕೊಂಡ. ಎಲ್ಲರಿಗೂ ಬಿಟ್ಟಿ ಕೊಟ್ಟ ತಂತ್ರಾಂಶವನ್ನು ಮೂರು ವರ್ಷದಿಂದ ಒಬ್ಬನೇ ಸಾಕುತ್ತಿದ್ದ. ಕೈಪಿಡಿಯನ್ನು ಯಾರಾದರೂ ಓದುತ್ತಾರೋ ನೋಡಲೆಂದೇ ಆ ಚಪ್ಪಾಳೆ ಸೇರಿಸಿದ್ದ. ಬೈಯಲಿಕ್ಕೂ ಒಂದು ನರಪಿಳ್ಳೆ ಬಂದಿರಲಿಲ್ಲ.

"ಅದು ತಮಾಷೆಗೆ ಬರೆದದ್ದು, ಮೇಡಂ. ಯಾರೂ ಓದಲ್ಲ ಅಂದ್ಕೊಂಡಿದ್ದೆ."

"ಅಯ್ಯೋ ನಿಮ್ಮ, ಇಲ್ಲಿ ಓದೋರೆಲ್ಲ ತಲೆ ಎತ್ತಿ ನನ್ನನ್ನೇ ನೋಡಿದ್ರಲ್ರೀ," ಎಂದು ಅವಳು ನಕ್ಕಳು. ಅವನೂ ನಕ್ಕ, ಅವಳ ನಗೆಯೇ ಜೋರು. ಅದು ಇಳಿಯತೊಡಗಿದಾಗ, ಎಲ್ಲಿ ಫೋನ್ ಇಟ್ಟುಬಿಡುತ್ತಾಳೋ ಎಂದು ಅವನಿಗೆ ದಿಗಿಲಾಯಿತು.

"ಎಂಟನೇ ಹಂತದಲ್ಲೂ ತಪ್ಪಿರಬಹುದು, ಮೇಡಂ. ಈಗ್ಲೇ ಓದಿ ಹೇಳಿ, ನಾನು ಲೈನಲ್ಲೇ ಇರ್ತೀನಿ."