ಚುಕ್ಕಿ ಪಂಚನಾಮೆ

ವಾರಕ್ಕೆರಡು ಬೆಂಕಿಚುಕ್ಕಿ ಬೀಳುವ ಊರಿನಲ್ಲಿ ನಿನ್ನೆ ರಾತ್ರಿಯ ಸರದಿ ಶಾವಂತ್ರವ್ವನ ಹಿತ್ತಿಲದ್ದು. ಓಣಿಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗೆ ಬೆಳಗಿ, ಕಟ್ಟೆಯ ಮೇಲೆ ಕೂತಿದ್ದ ಓಣಿಯ ಐವರ ಮುಖ ಒಂದೊಂದೂ ಕಂಡು, ಆಮೇಲೆ ಧಡ್ಡೆಂದು ಸದ್ದಾಗಿತ್ತು. ಚುಕ್ಕಿ ಬಿಳಿಯದಾದರೆ ತೊಂದರೆಯಿಲ್ಲ. ಆದರೆ ಕಂಡವರು ಐದು ಜನ ಪಂಚನಾಮೆಯಲ್ಲಿ ಹಾಗೆಂದು ಹೇಳಬೇಕು, ಇಲ್ಲದಿದ್ದರೆ ಮನೆಗೆ ಒಂದು ವರ್ಷ ಸರಕಾರಿ ಬೀಗ. ಹಸಿರಾದರೆ ವಿಷ; ಹಾಗೆಂದು ಒಬ್ಬರು ಹೇಳಿದರೂ ಸಾಕು, ಇಡೀ ಓಣಿಗೇ ಬೀಗ.

ಬೆಳಿಗ್ಗೆ, ಬಿದ್ದ ಚುಕ್ಕಿಗಳ ಲೆಕ್ಕ ಬರೆಯುವ ಸರಕಾರಿ ಉಲ್ಕೆ ತಲಾಟಿ ಬೀಗ ಹಿಡಿದುಕೊಂಡೇ ಬಂದ.

“ಚುಕ್ಕಿ ಯಾರ್ ನೋಡೀರಿ?”

ಕಟ್ಟೆಯ ಮೇಲಿನ ಐವರೂ ನೆಲ ನೋಡಿದರು. ಬಿದ್ದ ಚುಕ್ಕಿಯನ್ನು ಕಂಡೆನೆಂದು ಬಾಯಿಬಿಟ್ಟರೆ ಕೇಡೆಂದು ಅಜ್ಜಂದಿರ ಕಾಲದಿಂದಲೂ ನಂಬಿದವರು.

“ನಾ ಒಳಗ ಉಣ್ಣಾಕತ್ತಿದ್ದೆ ಸಾಹೇಬ್ರ,” ಎಂದ ಅವರಲ್ಲೊಬ್ಬನಾದ ಬಸಲಿಂಗಪ್ಪ.

“ಆ ಬೆಳಕಿನ್ಯಾಗ ಕಳದ ಚಪ್ಪಲಿ ಹುಡಿಕ್ಕೊಂಡ್ಯಲ್ಲೋ ಕಾಕಾ!” ತನ್ನ ಬಾಗಿಲಲ್ಲಿ ನಿಂತಿದ್ದ ಶಾವಂತ್ರವ್ವ ಕೂಗಿದಳು. “ನಾಕು ಮಕ್ಕಳ್ನ ಕಟಿಗೊಂಡು ನಾ ಎಲ್ಲಿಗಿ ಹೋಗ್ಲಿ?”

ತಲಾಟಿ ಬೀಗವನ್ನು ಅವಳ ಮನೆಯ ಚಿಲಕಕ್ಕೆ ಸಿಕ್ಕಿಸಿದ. ಶಾವಂತ್ರವ್ವನ ಪಿತ್ತ ನೆತ್ತಿಗೇರಿತು.

“ಬರಕೋರಿ ಸಾಹೇಬ್ರ, ಚುಕ್ಕಿ ಹಸರಿತ್ತು. ಹಸರಂದ್ರ ಹಸರು!”

ಐವರೂ ದಡಬಡಿಸಿ ಎದ್ದರು. “ಸುಳ್ಳರೀ! ಬೆಳ್ಳಗಿತ್ತು! ನಾವೆಲ್ಲಾ ಕಣ್ಣಾರ ನೋಡೀವಿ!”

“ಕಣ್ಣು ಬಂದ್ವಲ್ಲ, ಈಗ ಹೆಬ್ಬಟ್ಟೂ ಬರ್ಲಿ,” ಎಂದು ಶಾವಂತ್ರವ್ವ ತಲಾಟಿಯ ಮಸಿಡಬ್ಬಿ ಕಿತ್ತುಕೊಂಡು ಅವರ ಮುಂದೆ ಕುಕ್ಕಿದಳು.